ತಲೆಯಾಡಿಸುವ ಅಕ್ಕ

ಮೊಬೈಲಿನ ವಿಡಿಯೊ ಕರೆಯಲ್ಲಿ ಜನರ ಸಂಕಟ ಕೇಳುವ ಆಪ್ತಸಲಹೆಗಾರ್ತಿಯನ್ನು ದರ್ಜಿ ಹೆಂಗಸು ‘ತಲೆಯಾಡಿಸೋ ಅಕ್ಕ’ ಎಂದೇ ಕರೆಯುತ್ತಾಳೆ. ಅಕ್ಕ ತಲೆಯಾಡಿಸಿದರೆ ಪರದೆಯೇ ಅಲುಗಿದಂತಾಗುತ್ತದೆ. ಹೆಗಲ ಮೇಲೆ ಬೆಕ್ಕು ಹತ್ತಿ ಕೂತರೂ ಅವಳಿಗೆ ಪರಿವೆಯಿಲ್ಲ. ಬುದ್ಧಿವಾದವಂತೂ ಆ ಬಾಯಿಂದ ಬೀಳುವುದೇ ಇಲ್ಲ, ಬೀಳುವುದು ‘ಆಮೇಲೆ?’ ಒಂದೇ. ಗಂಡ ತೀರಿಹೋದಾಗಿನಿಂದ ಮಗಳೆದುರು ನುಂಗಿಕೊಂಡಿದ್ದ ದುಃಖವನ್ನೆಲ್ಲ ದರ್ಜಿ ಬಿಕ್ಕಿ ಬಿಕ್ಕಿ ಹೇಳಿ ಮುಗಿಸಿದ ದಿನ ಅಕ್ಕ ಮೆಲ್ಲಗೆ, “ಫೋನಿನಲ್ಲಿ ನಿಮ್ಮ ಧ್ವನಿ ಶುರುವಿನಲ್ಲೇ ನಿಂತುಹೋಗಿತ್ತು, ಒಂದು ಮಾತೂ ಕೇಳಿಸ್ಲಿಲ್ಲ. ಅಳ್ತಿದ್ರಲ್ಲ, ತಡೆಯೋಕೆ ಮನಸ್ಸಾಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?” ಎಂದಳು. ಈ ಸಲ ದರ್ಜಿ ದನಿಯೆತ್ತಿ ಹೇಳಿದಳು. ಪಕ್ಕದ ಕೋಣೆಯಿಂದ ಮಗಳು ಎದ್ದು ಬಂದು, “ಅಮ್ಮಾ, ನಿಂಗೂ ಅಪ್ಪ ನೆನಪಾಗ್ತಾರಾ?” ಎಂದು ಮಡಿಲಿಗೆ ಒರಗಿದಳು. “ಆ ಅಕ್ಕನ ಹೊಟ್ಟೆ ತಣ್ಣಗಿರ್ಲಿ” ಎಂದು ದರ್ಜಿ ಇವತ್ತಿಗೂ ಹರಸುತ್ತಾಳೆ.