ದೊಡ್ಡಮ್ಮ ಕೊಟ್ಟ ಕಾಳಿನಷ್ಟು ಚರ್ಮ

ಹೋದ ವಾರ ಮಧುಗಿರಿಯ ಲ್ಯಾಬಿನಲ್ಲಿ ತೋಳಿಗೆ ಸ್ಪಿರಿಟ್ ಒರೆಸಿದರು. ಇಲ್ಲದ ಕಾಯಿಲೆಗಳಿಗೆ ರಕ್ತ ಕೊಟ್ಟು, ರಿಪೋರ್ಟು ಸರಿಯಿದ್ದರೆ ಲ್ಯಾಬನ್ನೇ ಅನುಮಾನಿಸುವ ಆಸಾಮಿ ನಾನು. ಈ ಸಲ ಮಾತ್ರ ಆ ವಾಸನೆಗೆ ನೆನಪಾದದ್ದು ನನ್ನ ಸಕ್ಕರೆಯಲ್ಲ, ಪಕ್ಕದ ಮನೆಯ ದೊಡ್ಡಮ್ಮ.

ರಕ್ತಸಂಬಂಧವೇನಿಲ್ಲ, ಕೋಟೆ ಕೆಳಗಿನ ನಮ್ಮ ಬೀದಿಗೆಲ್ಲ ಅವರು ದೊಡ್ಡಮ್ಮನೇ. ಅರವತ್ತರ ಹತ್ತಿರ ಬಂದಾಗ ಅವರ ಕೈ, ಕತ್ತು ತಮ್ಮಷ್ಟಕ್ಕೆ ತಾವೇ ಕುಣಿಯತೊಡಗಿದವು. ಅವರ ಅಪ್ಪನಿಗೂ ಹಾಗೇ ಆಗುತ್ತಿತ್ತಂತೆ. ಮೈಮೇಲೆ ದೇವರು ಬರುತ್ತದೆಂದು ಊರು ಆತನಿಗೆ ಹಣ್ಣುಕಾಯಿ ಕೊಟ್ಟು, ಮಳೆ ಯಾವಾಗ, ಮದುವೆ ಯಾವಾಗ ಎಂದು ಕೇಳುತ್ತಿತ್ತು. ದೊಡ್ಡಮ್ಮನ ಬಾಗಿಲಿಗೂ ನಿಂಬೆಹಣ್ಣು ಹಿಡಿದವರು ಬರತೊಡಗಿದರು. "ನನ್ ಮೇಲೆ ಯಾವ ದೇವ್ರೂ ಇಲ್ಲ ಕಣಮ್ಮ, ನರ ಕೆಟ್ಟೈತೆ. ಹಣ್ಣು ಇಟ್ಟೋಗು, ಉಪ್ಪಿನ್‌ಕಾಯಿಗಾಯ್ತದೆ" ಎಂದು ಕಳಿಸುತ್ತಿದ್ದರು.

ಬೆಂಗಳೂರಿನ ಡಾಕ್ಟರು, ಇದು ವಂಶದಲ್ಲಿ ಬರುವ ನರರೋಗ, ಮದ್ದಿಲ್ಲ ಎಂದರು. ಅಲ್ಲಿನ ಸಂಶೋಧಕಿಯೊಬ್ಬಳು ಒಂದು ಚೂರು ಚರ್ಮ ಕೇಳಿದಳು. ಅದರ ಜೀವಕೋಶಗಳನ್ನು ಹಿಂದಕ್ಕೆ ತಿರುಗಿಸಿ, ಯಾವ ಅಂಗದ ಕೋಶವಾಗಿಯೂ ಬೆಳೆಯಬಲ್ಲ ಆಕರಕೋಶ ಮಾಡಿ, ಅವುಗಳಿಂದ ಮೆದುಳಿನ ನರಕೋಶ ಬೆಳೆಸುತ್ತಾರಂತೆ. ಅವು ಒಂದಕ್ಕೊಂದು ಸುದ್ದಿ ಮುಟ್ಟಿಸುವಾಗ ಎಲ್ಲಿ ಎಡವುತ್ತವೆಂದು ನೋಡುತ್ತಾರಂತೆ. "ಇದರಿಂದ ನಿಮಗೇನೂ ಉಪಯೋಗ ಆಗಲ್ಲ ಅಮ್ಮ" ಎಂದೂ ಹೇಳಿದಳು.

ವಿಷಯ ತಿಳಿದು ದೊಡ್ಡಮ್ಮನ ತಮ್ಮ ಶಿರಾದಿಂದ ಓಡಿಬಂದರು. ಅವರಿಗೆ ಹೈಸ್ಕೂಲಿಗೆ ಹೋಗುವ ಮಗಳಿದ್ದಳು.

"ವಂಶದ ಕಾಯಿಲೆ ಅಂತ ಹೆಸ್ರು ಬಿದ್ರೆ ನಾಳೆ ನನ್ ಮಗ್ಳನ್ನ ಯಾರಕ್ಕ ಮಾಡ್ಕಂತಾರೆ? ಅಪ್ಪನ್ ಮೇಲೆ ಬತ್ತಿದ್ದು ದೇವ್ರಲ್ವಾ ಅಂಗಾದ್ರೆ?"

"ದೇವ್ರಾಗಿದ್ರೆ ತುತ್ತು ಬಾಯಿಗೆ ಹೋಗಾಕಾದ್ರೂ ಬುಡ್ತಿತ್ತು ಕಣ್ಲಾ. ಅಪ್ಪಂಗೆ ಉಣ್ಸಿದ್ದು ನಾನು, ನಿಂಗೇನ್ ಗೊತ್ತು? ನಿನ್ ಮಗಳ ಕೈ ನಡುಗಿದ್ ದಿನ ಅವ್ಳಿಗೂ ನಿಂಬೆಹಣ್ಣೇ ಕೊಡ್ತೀಯಾ?"

ತಮ್ಮ ಎದ್ದು ಹೋದರು. ಅಕ್ಕನ ಮನೆಗೆ ಮತ್ತೆ ಬರಲಿಲ್ಲ...

ಆಸ್ಪತ್ರೆಗೆ ಜೊತೆಗೆ ಹೋದವನು ನಾನು. ಸ್ಪಿರಿಟ್ ಒರೆಸಿ, ಅವರ ತೋಳಿನಿಂದ ಕಾಳಿನಷ್ಟು ಚರ್ಮ ತೆಗೆದರು. ಕುಸಿದು ಕುಳಿತವನು ನಾನು. "ಚರ್ಮ ನಂದು, ತಲೆ ತಿರುಗಿದ್ದು ನಿಂಗೆ. ಏನ್ ಗಂಡ್ಸ್ಲಾ ನೀನು" ಎನ್ನುತ್ತ, ಕುಣಿಯುವ ಕೈಯಲ್ಲೇ ನೀರು ಕುಡಿಸಲು ಬಂದು ನನ್ನ ಅಂಗಿ ತೋಯಿಸಿದರು.

ಎಷ್ಟೋ ತಿಂಗಳ ಮೇಲೆ ಸಂಶೋಧಕಿ ವಿಡಿಯೋ ಕಳಿಸಿದಳು. ದೊಡ್ಡಮ್ಮನ ನರಕೋಶಗಳು, ಕತ್ತಲಲ್ಲಿ ಹಸಿರು ಚುಕ್ಕೆಗಳಾಗಿ. ಒಂದು ಮಿನುಗಿದರೆ ಪಕ್ಕದ್ದೂ ಮಿನುಗುತ್ತಿತ್ತು... ಕೆಲವು ಸುಮ್ಮನಿದ್ದವು, ಕೆಲವು ನಿಲ್ಲುತ್ತಲೇ ಇರಲಿಲ್ಲ. ದೊಡ್ಡಮ್ಮ ಫೋನನ್ನು ಗೋಡೆಗೆ ಒರಗಿಸಿ ಬೀದಿಯ ಹೆಂಗಸರನ್ನೆಲ್ಲ ಕರೆದರು. "ಮೆಲ್ಲಗೆ ದೊಡ್ಡಮ್ಮ, ಯಾರಾದ್ರೂ ಕೇಳಿಸ್ಕಂಡ್ರೆ" ಎಂದು ನಾನು ಬಾಗಿಲು ಹಾಕಲು ಹೋದೆ. "ತೆಗ್ದೇ ಇರ್ಲಿ ಬುಡು" ಎಂದರು.

ಅವರು ತೀರಿಕೊಂಡು ಕೆಲವು ವರ್ಷಗಳಾದವು. ಮದ್ದು ಇನ್ನೂ ಬಂದಿಲ್ಲ. ಅವರ ಆಕರಕೋಶಗಳು ಬೆಂಗಳೂರಿನಲ್ಲಿ ಇನ್ನೂ ಬೆಳೆಯುತ್ತಿವೆಯಂತೆ. ಬೆಳೆಯಲಿ. ಆದರೆ ಅವು ನನ್ನನ್ನು ಬೈಯುವುದಿಲ್ಲ.

ನಿನ್ನೆ ದೊಡ್ಡಮ್ಮನ ತಮ್ಮನ ಮಗಳು ನಮ್ಮ ಮನೆಗೆ ಬಂದಿದ್ದಳು. "ಮದ್ವೆಗೆ ಮುಂಚೆ ನಂಗೂ ಐತೋ ಇಲ್ವೋ ತಿಳ್ಕಬೇಕು ಅಂಕಲ್. ಹುಡ್ಗನಿಗೂ ಹೇಳಿದ್ದೀನಿ. ಅತ್ತೆ ಹೋಗಿದ್ದು ಯಾವ ಆಸ್ಪತ್ರೆ?"

ಆಸ್ಪತ್ರೆಯ ಹೆಸರು ಬರೆದುಕೊಟ್ಟೆ. ಗೇಟಿನಾಚೆ ಅವಳಪ್ಪ ಬೈಕಿನ ಇಂಜಿನ್ ಆರಿಸದೆ ಕೂತಿದ್ದರು. ದೊಡ್ಡಮ್ಮ ಇದ್ದಿದ್ದರೆ ಕಿವಿ ಹಿಡಿದು ಒಳಗೆ ತರುತ್ತಿದ್ದರು. ಇಲ್ಲವಲ್ಲ... ನಾನೇ ಹೋಗಿ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, "ಇದು ಕಾಯಿಲೆ ಕಣಣ್ಣ. ಪರೀಕ್ಷೆಗೆ ನಾನೂ ಜೊತೆಗೆ ಬತ್ತೀನಿ" ಅಂದೆ.

ಅವರು ಇಂಜಿನ್ ಆರಿಸಿದರು.