ಆಯುಧಪೂಜೆಯ ದಿನ ಅಳಿಸಿದ ಲೆಕ್ಕ

ಗಿರಿಜಾ, ಕುಂಕುಮದ ತಟ್ಟೆಯನ್ನು ನೀನು ಒದೆಯಲಿಲ್ಲ. ನಿನ್ನನ್ನು ಹೊಡೆಯುವ ಭರದಲ್ಲಿ ಅದನ್ನು ಉರುಳಿಸಿದವನು ನಾನು. ಲೆಕ್ಕವನ್ನು ಅಳಿಸಿದವನೂ ನಾನೇ.

ತೊಂಬತ್ತರ ದಶಕದ ಕೊನೆ. ಸೊರಬದ ನಮ್ಮ ಪ್ರೌಢಶಾಲೆಗೆ ಇದ್ದದ್ದು ಒಂದೇ ಕಂಪ್ಯೂಟರ್. ಹೊರದೇಶದ ಗಣಿತಜ್ಞರು ಇಂಟರ್ನೆಟ್ ಮೂಲಕ ದೊಡ್ಡ ದೊಡ್ಡ ಸಂಖ್ಯೆಗಳನ್ನು ಹಂಚುತ್ತಿದ್ದರು. ಅವು ಅವಿಭಾಜ್ಯವೇ ಎಂದು ನಮ್ಮ ಯಂತ್ರ ವಾರಗಟ್ಟಲೆ ಪರೀಕ್ಷಿಸಿ ಉತ್ತರ ಕಳಿಸಬೇಕು. ಶಾಲೆಯನ್ನು ಆ ಸಂಶೋಧನೆಗೆ ಸೇರಿಸಿದವನು ನಾನು. ನಡೆಸಿದವಳು ನೀನು—ನಿಮ್ಮೂರು ಜಡೆಯಿಂದ ಮೊದಲ ಬಸ್ಸಿಗೆ ಬಂದು, ಯಂತ್ರ ಎಷ್ಟು ದೂರ ಸಾಗಿದೆಯೆಂದು ದಿನವೂ ಬರೆದಿಡುತ್ತಿದ್ದೆ. ನೀನೇ ಕಳಿಸಿದ ಮೊದಲ ಉತ್ತರಕ್ಕೆ ಬಂದ ಮೆಚ್ಚುಗೆಯ ಪತ್ರದಲ್ಲಿ ನಿನ್ನ ಹೆಸರಷ್ಟೇ ಇತ್ತು. ಮುಖ್ಯೋಪಾಧ್ಯಾಯರು ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿ, ನನ್ನತ್ತ ಕೈತೋರಿ, "ನಮ್ಮ ಶಿಕಾರಿಪುರದ ಮೇಷ್ಟ್ರು ಇನ್ಮೇಲೆ ಗಿರಿಜಾನ ಹತ್ರ ಟ್ಯೂಷನ್ನಿಗೆ ಹೋಗ್ಬೋದು ಕಣ್ರೀ" ಎಂದರು. ಯಾರು ಯಾರು ನಕ್ಕರೆಂದು ಇಂದಿಗೂ ಹೆಸರು ಹಿಡಿದು ಹೇಳಬಲ್ಲೆ. ನೀನು ನಗಲಿಲ್ಲ—ಅದೂ ನೆನಪಿದೆ.

ಆಯುಧಪೂಜೆಯಂದು ಯಂತ್ರಗಳಿಗೆಲ್ಲ ಬಿಡುವು ಕೊಡುವುದು ಶಾಲೆಯ ರೂಢಿ. ಎರಡನೆಯ ಲೆಕ್ಕ ಆಗ ಹತ್ತೊಂಬತ್ತನೆಯ ದಿನದಲ್ಲಿತ್ತು. ನಿಲ್ಲಿಸಿದ್ದರೆ ಮರುದಿನ ಅಲ್ಲಿಂದಲೇ ಮುಂದುವರಿಯುತ್ತಿತ್ತು. ನಾನು ಲೆಕ್ಕವನ್ನೇ ಅಳಿಸಿ, ಆಮೇಲೆ ನಿಲ್ಲಿಸಿದೆ. ನೀನು ಹಿಂದೆಯೇ ನಿಂತಿದ್ದೆ.

"ನಿಲ್ಸಿದ್ರೆ ಸಾಕಿತ್ತಲ್ಲ ಸಾರ್. ಅಳ್ಸಿದ್ದು ಯಾಕೆ?"

ಆ ಶಾಲೆಯಲ್ಲಿ ಹಾಗೆ ಕೇಳಬಲ್ಲವಳು ನೀನೊಬ್ಬಳೇ. ಕೆನ್ನೆಗೆ ಹೊಡೆದೆ. ನೀನು ಮೇಜಿಗೆ ತಾಗಿ ಬಿದ್ದೆ. ತೋಳು ಹಿಡಿದು ಎಬ್ಬಿಸಿ ಮತ್ತೆ ಹೊಡೆದೆ—ಎಡಗಿವಿಯ ಮೇಲೆ, ನನ್ನ ಕೈ ನೋಯುವವರೆಗೆ. ಕುಂಕುಮ ಚೆಲ್ಲಿದ ನೆಲದಲ್ಲಿ ನಿನ್ನ ಕಿವಿಯ ರಕ್ತ ಬೇರೆಯಾಗಿ ಕಾಣುತ್ತಿರಲಿಲ್ಲ. ಓಡಿ ಬಂದವರಿಗೆ ಹೇಳಿದೆ: "ಲೆಕ್ಕ ಅಳಿಸಿದ್ದಾಳೆ. ಕೇಳಿದ್ದಕ್ಕೆ ಪೂಜೆ ತಟ್ಟೆ ಒದ್ದಳು."

ಕರೆಸಿದಾಗ ಬಂದ ನಿನ್ನ ತಂದೆ ನಿನ್ನ ಮಾತನ್ನು ಅರ್ಧಕ್ಕೇ ತಡೆದರು. "ಮೇಷ್ಟ್ರು ಸುಳ್ಳು ಹೇಳ್ತಾರೇನೇ?" ಎಂದು ಅಂಗಳದಲ್ಲೇ ಚಪ್ಪಲಿ ಕೈಗೆತ್ತಿಕೊಂಡರು. ಏಳು ಏಟು. ಎಣಿಸುತ್ತ ನಿಂತಿದ್ದೆ—ಅದನ್ನು ನಿಲ್ಲಿಸಲು ನನ್ನ ಒಂದು ಮಾತು ಸಾಕಿತ್ತು, ಆದರೆ...

ಮತ್ತೆ ನೀನು ಶಾಲೆಗೆ ಬರಲಿಲ್ಲ. ವರ್ಗಾವಣೆ ಪತ್ರದಲ್ಲಿ 'ನಡತೆ' ಎಂಬುದರ ಮುಂದೆ 'ತೃಪ್ತಿಕರವಲ್ಲ' ಎಂದು ಬರೆದ ಅಕ್ಷರ ನನ್ನದು. ಆ ಪತ್ರ ಹಿಡಿದು ನೀನು ಹೋದ ಬೇರೆ ಶಾಲೆಯವರು ನಿನ್ನನ್ನು ಸೇರಿಸಿಕೊಳ್ಳಲಿಲ್ಲವೆಂದೂ, ಎಡಗಿವಿ ಕೇಳದಾಯಿತೆಂದೂ ಅದೇ ವರ್ಷ ತಿಳಿಯಿತು. ಆಗಲೂ ಸುಮ್ಮನಿದ್ದೆ.

ನಿನ್ನ ತಂದೆ ಇನ್ನೂ ಜಡೆಯಲ್ಲಿದ್ದಾರೆಂದು ಕೇಳಿದೆ. ಈ ಪತ್ರದ ಒಂದು ಪ್ರತಿಯನ್ನು ನಾಳೆ ನಾನೇ ಒಯ್ದು, ಅವರೆದುರು ನಿಂತು ಓದುತ್ತೇನೆ. ನೀನೂ ಅಲ್ಲಿರಬೇಕೆಂದು ಕೇಳುವ ಹಕ್ಕು ನನಗಿಲ್ಲ.