ಹೆಸರು ಹೇಳಿದರೆ ಕೆಡುವ ಮದ್ದು

ನಮ್ಮ ಬಳಗದಲ್ಲಿ ಈಗ ಓಡಾಡುತ್ತಿರುವ ಕಥೆ ಹೀಗಿದೆ: ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಗೆದ್ದು ಬಾಯಿ ಉದ್ದವಾದ ಹುಡುಗಿಯೊಬ್ಬಳು ತನ್ನ ದೊಡ್ಡಮ್ಮನನ್ನು ನವಿ ಮುಂಬಯಿಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು, ವೈದ್ಯಶಾಸ್ತ್ರದ ಇತಿಹಾಸವನ್ನೆಲ್ಲ ತೋರಿಸಿ ವಾದ ಹೂಡಿದಳು, ದೊಡ್ಡಮ್ಮ ಸೋತು ಕಾಮಾಲೆಗೆ ಮದ್ದು ಕೊಡುವುದನ್ನು ಬಿಟ್ಟಳು. ಡೊಂಬಿವಲಿಯ ಹಾಲ್‌ಗಳಲ್ಲಿ ನಡೆಯುವ ನಮ್ಮವರ ಮದುವೆಗಳಲ್ಲಿ ಪಾಯಸ ಬಡಿಸುವವರಿಗೂ ಇದು ಗೊತ್ತು. ಆ ಹುಡುಗಿ ನಾನು. ಹೊಗಳಿಕೆ ಯಾರಿಗೆ ಬೇಡ? ಆದರೆ ಚರ್ಚೆಯಿಂದ ಅಂಟಿಕೊಂಡ ಒಂದು ಕೆಟ್ಟ ಚಟವೆಂದರೆ ನನ್ನ ಪರವಾದ ಸಾಕ್ಷಿಯನ್ನೂ ಪಾಟೀಸವಾಲಿಗೆ ಎಳೆಯುವುದು. ಎಳೆದು ನೋಡಿದರೆ ಈ ಕಥೆ ನಿಲ್ಲುವುದಿಲ್ಲ.

ಮೊದಲು ಮದ್ದಿನ ವಿಷಯ. ಅದು ದೊಡ್ಡಮ್ಮನಿಗೆ ಅವಳ ಅತ್ತೆಯಿಂದ ಬಂದದ್ದು, ಉಡುಪಿ ಕಡೆಯದು. ಊರಿನಿಂದ ಬಸ್ಸಿನಲ್ಲಿ ಬರುವ ಯಾವುದೋ ಸೊಪ್ಪನ್ನು ನುಣ್ಣಗೆ ಅರೆದು ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಕೊಡುವುದು. ಅದಕ್ಕೆ ಕಟ್ಟಳೆಗಳಿವೆ. ದುಡ್ಡು ಮುಟ್ಟಬಾರದು. ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು. ಸೊಪ್ಪಿನ ಹೆಸರನ್ನು ಯಾರ ಎದುರೂ ಬಾಯಿಬಿಡಬಾರದು; ಬಿಟ್ಟರೆ ಮದ್ದಿನ ಶಕ್ತಿ ಆ ಗಳಿಗೆಗೇ ಹೋಯಿತು. ಮರಾಠಿಯಲ್ಲಿ ಕಾಮಾಲೆಗೆ ಕಾವೀಳ್ ಅನ್ನುತ್ತಾರೆ. ಹಾಗಾಗಿ ಸ್ಟೇಷನ್ ಹತ್ತಿರ ದೊಡ್ಡಪ್ಪನ ಹೋಟೆಲಿನ ಹೆಸರು ಗೊತ್ತಿಲ್ಲದವರಿಗೂ ‘ಕಾವೀಳ್‌ವಾಲಿ ಕಾಕು’ವಿನ, ಅಂದರೆ ಕಾಮಾಲೆ ಚಿಕ್ಕಮ್ಮನ, ಬಿಲ್ಡಿಂಗ್ ಗೊತ್ತಿತ್ತು. ಬೆಳಗ್ಗೆ ಬಾಗಿಲು ತೆರೆದರೆ ಅರಿಶಿನ ಬಣ್ಣದ ಕಣ್ಣುಗಳು ಕಾಯುತ್ತಿದ್ದವು. “ಕಾಕು, ಔಷಧ್ ದ್ಯಾ ನಾ,” ಮದ್ದು ಕೊಡಿ ಎಂದು.

ನನ್ನ ವಾದ ಸರಳ. ಸಾಮಾನ್ಯ ಕಾಮಾಲೆ ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಹತ್ತಿರ ಯಾರಿದ್ದರೋ ಅವರಿಗೆ ಕೀರ್ತಿ. ಮಜ್ಜಿಗೆಯಲ್ಲಿ ಕೊತ್ತಂಬರಿ ಅರೆದು ಕೊಟ್ಟಿದ್ದರೂ ದೊಡ್ಡಮ್ಮ ಇಷ್ಟೇ ಪ್ರಸಿದ್ಧಳಾಗುತ್ತಿದ್ದಳು. ಇದನ್ನು ನಾನು ಅವಳೆದುರೇ ಹೇಳಿದ್ದೇನೆ. ಅವಳು, “ಹೌದಾ? ಕೊತ್ತಂಬರಿ ರೇಟು ಗೊತ್ತುಂಟಾ ನಿಂಗೆ?” ಅಂದಳು.

ತಮಾಷೆ ನಿಂತದ್ದು ಕಳೆದ ಮಳೆಗಾಲದಲ್ಲಿ. ಮೂರನೇ ಮಹಡಿಯ ಸಾವಂತರು ದೊಡ್ಡಮ್ಮನ ಮದ್ದನ್ನೇ ನಂಬಿ ಮಲಗಿದರು. ಅವರದು ತಾನಾಗಿ ಇಳಿಯುವ ಜಾತಿಯದಲ್ಲ. ಮಾತು ತೊದಲತೊಡಗಿದಾಗ ಮನೆಯವರು ಆಸ್ಪತ್ರೆಗೆ ಹೊತ್ತೊಯ್ದರು, ಹೇಗೋ ಬದುಕಿದರು. ಗುಣವಾಗಿ ಬಂದವರೇ ನೆಟ್ಟಗೆ ದೊಡ್ಡಮ್ಮನ ಬಳಿಗೆ ಪೇಢೆ ತಂದು ಕಾಲಿಗೆರಗಿದರು: ಡಾಕ್ಟರುಗಳದ್ದು ಏನಿಲ್ಲ, ಎಲ್ಲ ಕಾಕುವಿನ ಸೊಪ್ಪಿನ ಮಹಿಮೆ! ಬೈದಿದ್ದರೆ ದೊಡ್ಡಮ್ಮ ತಡೆದುಕೊಳ್ಳುತ್ತಿದ್ದಳೇನೋ. ಆ ಪೇಢೆಯ ಡಬ್ಬಿಯನ್ನು ಅವಳು ತೆರೆಯಲಿಲ್ಲ. ಆಮೇಲೆ ಬೆಲ್ ಬಾರಿಸಿದರೆ ಬೆಚ್ಚುತ್ತಿದ್ದಳು. ಆದರೂ ಅರೆಯುತ್ತಿದ್ದಳು. ಬಂದವರಿಗೆ ಇಲ್ಲ ಅನ್ನುವ ಹಾಗಿಲ್ಲವಲ್ಲ. ಇನ್ನೊಬ್ಬ ಸಾವಂತ ಬರುವ ಮೊದಲು ಇದನ್ನು ನಿಲ್ಲಿಸಬೇಕೆಂದು ನನಗೆ ಹಟ ಹುಟ್ಟಿತು.

ನನ್ನ ಗೆಳತಿಯೊಬ್ಬಳು ನವಿ ಮುಂಬಯಿಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಮನೆಮದ್ದಿಗೊಂದು ಮೂಲೆ ಮಾಡುತ್ತಿದ್ದಾರೆ, ಯಾರಾದರೂ ಗೊತ್ತಾ ಎಂದು ಕೇಳಿದಳು. ದೊಡ್ಡಮ್ಮನಿಗೆ ಗೌರವದ ಆಮಂತ್ರಣ ಎಂದು ಹೇಳಿದೆ. ನನ್ನ ಒಳಗಿನ ಲೆಕ್ಕ ಬೇರೆ: ಕಾಲಕಾಲಕ್ಕೆ ಪೂರ್ಣ ವಿಶ್ವಾಸದಿಂದ ತಪ್ಪು ಮಾಡಿದವರ ಸಾಮಾನುಗಳೆಲ್ಲ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಕುಳಿತದ್ದನ್ನು ಅವಳು ಕಣ್ಣಾರೆ ನೋಡಲಿ. ಠಾಣೆಯಲ್ಲಿ ಇಳಿದು ಗಾಡಿ ಬದಲಿಸಿ, ಲೇಡೀಸ್ ಡಬ್ಬದಲ್ಲಿ ಕಿಟಕಿ ಸಿಕ್ಕಿದ ಖುಷಿಯಲ್ಲಿದ್ದ ಅವಳಿಗೆ ನನ್ನ ಸಂಚು ತಿಳಿದಿರಲಿಲ್ಲ. ಹಾಗೆಂದು ಆಗ ನಂಬಿದ್ದೆ.

ಮ್ಯೂಸಿಯಂ ತಣ್ಣಗಿತ್ತು. ರಕ್ತ ಹರಿಸುವ ಚೂರಿಗಳು, ಜಿಗಣೆಯ ಭರಣಿ, ಹಲ್ಲು ಕೀಳುವ ಇಕ್ಕಳ. ನಾನು ಶುರುಮಾಡಿದೆ: “ನೋಡು ದೊಡ್ಡಮ್ಮ, ಜ್ವರ ಬಂದವನ ರಕ್ತ ತೆಗೆಯುತ್ತಿದ್ದರು. ಬದುಕಿದವನು ಹೊಗಳಿದ. ಸತ್ತವನು ಬಂದು ದೂರು ಕೊಡಲಿಲ್ಲ. ಹೀಗೇ ಎಷ್ಟೋ ಕಾಲ ನಡೆಯಿತು.”

“ಪಾಪ,” ಅಂದಳು. ಯಾರಿಗೆ ಪಾಪ ಎಂದು ತಿಳಿಯಲಿಲ್ಲ. ಮುಂದಿನ ಪೆಟ್ಟಿಗೆಯಲ್ಲಿ ಗಾಜಿನ ಸಿರಿಂಜು, ದಪ್ಪ ಸೂಜಿ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. “ಇದನ್ನು ನಂಗೇ ಚುಚ್ಚಿದ್ದಾರೆ ಮಾರಾಯ್ತಿ! ನಾನು ಇನ್ನೂ ಹೊರಗೆ ಉಂಟು, ಇದು ಆಗಲೇ ಒಳಗೆ ಬಂತು.”

ಮತ್ತೊಂದು ಕಡೆ ಹೆರಿಗೆಯ ಇಕ್ಕಳವಿತ್ತು. ಅದರ ಹಿಂದೆ ನಿಜವಾಗಿಯೂ ಒಂದು ಕಥೆ ಇದೆ. ಇಂಗ್ಲೆಂಡಿನ ಒಂದು ವೈದ್ಯಮನೆತನ ಇದನ್ನು ಕಂಡುಹಿಡಿದು ತಲೆಮಾರುಗಳ ಕಾಲ ಗುಟ್ಟಾಗಿಟ್ಟಿತ್ತು. ದೊಡ್ಡ ಪೆಟ್ಟಿಗೆಯಲ್ಲಿ ಮುಚ್ಚಿ ತರುತ್ತಿದ್ದರಂತೆ, ಹೆರುವವಳ ಕಣ್ಣಿಗೇ ಬಟ್ಟೆ ಕಟ್ಟುತ್ತಿದ್ದರಂತೆ. ಗುಟ್ಟು ಮನೆಯೊಳಗಿದ್ದಷ್ಟು ಕಾಲ ಹೊರಗೆ ಎಷ್ಟು ಬಾಣಂತಿಯರು ಸತ್ತರೋ. ಇದನ್ನು ನಾನು ಉದ್ದೇಶಪೂರ್ವಕವಾಗಿ, ಸ್ವಲ್ಪ ಅಭಿನಯ ಸೇರಿಸಿಯೇ ಹೇಳಿದೆ. ಅಂತರರಾಜ್ಯ ಸ್ಪರ್ಧೆಯ ಕೊನೆಯ ಸುತ್ತಿನಲ್ಲೂ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ದೊಡ್ಡಮ್ಮ ಕೇಳಿಸಿಕೊಂಡು, “ಅವ್ರು ದುಡ್ಡು ತಕೊಳ್ತಿದ್ರಾ?” ಎಂದಳು. “ತುಂಬಾ.” “ಹಾಗಾದ್ರೆ ಅದು ಗುಟ್ಟಲ್ಲ, ಅಂಗಡಿ.”

ಮನೆಮದ್ದಿನ ಮೂಲೆಯಲ್ಲಿ ಮ್ಯೂಸಿಯಂ ನೋಡಿಕೊಳ್ಳುವ ಡಾಕ್ಟರ್ ಮ್ಯಾಡಮ್ ಪೆನ್ನು ಹಿಡಿದು ನಿಂತಿದ್ದರು. ಅರೆಯುವ ರೀತಿ, ಮಜ್ಜಿಗೆ, ಪಥ್ಯ ಎಲ್ಲ ಬರೆದುಕೊಂಡು ಕೊನೆಗೆ ಕೇಳಿದರು: “ಔರ್ ಪತ್ತೀ ಕಾ ನಾಮ್, ಆಂಟೀ?”

ನಾನು ಮಧ್ಯೆ ಬಾಯಿ ಹಾಕಿ, ಸೊಪ್ಪಿನ ಹೆಸರು ಹೇಳುವ ಹಾಗಿಲ್ಲ ಎಂದು ವಿವರಿಸಲು ಹೊರಟೆ. ದೊಡ್ಡಮ್ಮ ನನ್ನ ಮೊಣಕೈ ಹಿಡಿದಳು.

“ಕೇಳು ಅವರತ್ರ, ಇದನ್ನು ಬೋರ್ಡಲ್ಲಿ ಬರೀತಾರಾ? ಎಲ್ಲರಿಗೂ ಕಾಣುವ ಹಾಗೆ?”

ಬರೆಯುತ್ತಾರಂತೆ.

“ಮರಾಠಿಯಲ್ಲೂ?”

ಮರಾಠಿಯಲ್ಲೂ.

“ನೆಲನೆಲ್ಲಿ,” ಅಂದಳು ದೊಡ್ಡಮ್ಮ, ಬಸ್ಸಿನ ಕಂಡಕ್ಟರನಿಗೆ ಇಳಿಯುವ ಜಾಗ ಹೇಳುವಷ್ಟು ಸಲೀಸಾಗಿ. ಮ್ಯಾಡಮ್, “ಅಚ್ಛಾ, ಭುಯಿ ಆವಳಾ!” ಎಂದು ಬರೆದುಕೊಂಡರು.

ನಾನು ಗೆದ್ದೆ ಎಂದುಕೊಂಡ ಕ್ಷಣ ಅದೇ. ವಾಪಸು ಗಾಡಿಯಲ್ಲಿ ದೊಡ್ಡಮ್ಮ ಚೀಲದಿಂದ ಚಕ್ಕುಲಿ ತೆಗೆದು ಕೊಡುತ್ತಾ ನಿರಾಳವಾಗಿ ಹೇಳಿದಳು: “ಇನ್ನು ಯಾರು ಬಂದ್ರೂ ಹೇಳ್ಬಹುದಲ್ಲ. ಹೆಸರು ಬೋರ್ಡಿಗೆ ಹೋಯ್ತು, ಮದ್ದಿನ ಶಕ್ತಿ ಹೋಯ್ತು, ನೀವು ಹಾಸ್ಪಿಟಲಿಗೆ ಹೋಗಿ ಅಂತ. ಇಲ್ಲ ಅಂದ ಹಾಗೂ ಆಗ್ಲಿಲ್ಲ.”

ನನ್ನ ಚೂರಿ, ಜಿಗಣೆ, ಇಕ್ಕಳ ಯಾವುದೂ ಅವಳಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಒಂದು ಬೋರ್ಡು ಮಾತ್ರ. ಮದ್ದನ್ನು ನಂಬಿಯೇ ಮದ್ದಿನಿಂದ ತಪ್ಪಿಸಿಕೊಳ್ಳುವ ದಾರಿಯನ್ನು ನನಗಿಂತ ಮೊದಲೇ ಹುಡುಕಿಟ್ಟಿದ್ದಳು. ಹಾಗಾಗಿ ಬಳಗದವರ ಕಥೆಯಲ್ಲಿ ನನ್ನ ಪಾತ್ರ ಅಬ್ಬಬ್ಬಾ ಅಂದರೆ ರೈಲಿನ ಟಿಕೆಟ್ ತೆಗೆಸಿದವಳದು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಮೊನ್ನೆ ಭಾನುವಾರ ಅವಳ ಮನೆಯಲ್ಲಿದ್ದಾಗ ಭಿವಂಡಿಯಿಂದ ಒಬ್ಬಾಕೆ ಗಂಡನನ್ನು ರಿಕ್ಷಾದಲ್ಲಿ ಕರೆದುಕೊಂಡು ಬಂದಳು. ದೊಡ್ಡಮ್ಮ ತನ್ನ ಹರುಕು ಮರಾಠಿಯಲ್ಲಿ ಶಕ್ತಿ ಹೋದ ಸಂಗತಿ ಹೇಳಿ, ಆಸ್ಪತ್ರೆಯ ದಾರಿ ತೋರಿಸಿ, ರಿಕ್ಷಾದವನಿಗೂ ಎರಡು ಸಲ ಹೇಳಿ ಕಳಿಸಿದಳು. ಅಲ್ಲಿವರೆಗೆ ಸರಿ. ನಾನು ಬಾಲ್ಕನಿಯಿಂದ ರಿಕ್ಷಾ ತಿರುಗುವುದನ್ನು ನೋಡುತ್ತಿದ್ದೆ. ಕೆಳಗೆ ಪಂಪ್‌ರೂಮಿನ ಹಿಂದೆ ನೆಲನೆಲ್ಲಿ ಹುಲುಸಾಗಿ ಬೆಳೆದಿತ್ತು. ನೆಲನೆಲ್ಲಿ ಕಾಮಾಲೆಗೆ ಒಳ್ಳೆಯದೆಂದು ವಾಟ್ಸಾಪಿನಲ್ಲಿ ದಿನಾ ಯಾರಾದರೂ ಕಳಿಸುತ್ತಲೇ ಇರುತ್ತಾರೆ. ಇದರಲ್ಲಿ ಗುಟ್ಟು ಯಾವುದು? ಬಾಗಿಲ ಬುಡದಲ್ಲೇ ಇರುವ ಸೊಪ್ಪಿಗಾಗಿ ಅವಳು ಇಷ್ಟು ವರ್ಷ ಊರಿನ ತಮ್ಮನಿಗೆ ಫೋನು ಮಾಡಿ ಬಸ್ಸಿನಲ್ಲಿ ಕಟ್ಟು ತರಿಸಿಕೊಳ್ಳುತ್ತಿದ್ದಳೇಕೆ? ಬೋರ್ಡಿಗೆ ಹೋದದ್ದು ಆ ಕಟ್ಟಿನ ಹೆಸರೇ ಹೌದಾ?

ಹಾಗೆಂದು ಕೇಳಿದರೆ ಕೊತ್ತಂಬರಿ ರೇಟಿನಂಥದ್ದೇ ಒಂದು ಉತ್ತರ ಬರುತ್ತದೆ. ಪ್ರಶ್ನೆ ಬೇರೆ ಥರ ಇರಬೇಕು. ಒಳಗೆ ಹೋದೆ. ದೊಡ್ಡಮ್ಮ ಗಂಜಿ ಬಸಿಯುತ್ತಿದ್ದಳು. ಯಾವ ಉತ್ತರ ಬಂದರೆ ನನಗೆ ಸಮಾಧಾನವೆಂದು ನನಗೇ ಗೊತ್ತಿಲ್ಲದ ಪ್ರಶ್ನೆಯನ್ನು ಬದುಕಿನಲ್ಲಿ ಮೊದಲ ಸಲ ಕೇಳಿದೆ:

“ದೊಡ್ಡಮ್ಮ, ನಾಳೆ ನಂಗೇ ಕಾಮಾಲೆ ಬಂದ್ರೆ, ನನ್ನನ್ನೂ ಬರೀ ಹಾಸ್ಪಿಟಲಿಗೆ ಕಳಿಸಿ ಸುಮ್ಮನೆ ಕೂರ್ತೀಯಾ?”